ಅರ್ಧ ಉಂಗುರದ ಲೆಕ್ಕ

ಇರಕಲ್ಲಗಡದ ಸಹನಾ ಎಂದರೆ ತವರಿನ ಓಣಿಗೆ ಬಲು ಹೆಮ್ಮೆ. ಕೊಪ್ಪಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಉಳಿದ ಹೊತ್ತು ಕಂಪ್ಯೂಟರಿನಲ್ಲಿ ಬೆಳಕಿಗೆ ದಾರಿ ಬರೆಯುತ್ತಾಳೆ. ಉಗುರಗಲದ ಚಿಪ್‌ನ ಮೇಲೆ ಕೂದಲಿಗಿಂತ ಸಣ್ಣ ದಾರಿ, ಅದರ ಪಕ್ಕದಲ್ಲೊಂದು ಉಂಗುರ. ಲೇಸರ್ ಬೆಳಕು ಆ ಉಂಗುರ ಸುತ್ತಿದರೆ ಬೆಳಕಿನ ಕಣಗಳು ಜೋಡಿಜೋಡಿಯಾಗಿ ಹುಟ್ಟಬೇಕು. ಉಂಗುರ ಎಷ್ಟಿರಬೇಕು, ದಾರಿಗೂ ಅದಕ್ಕೂ ನಡುವಿನ ಸಂದು ಎಷ್ಟಿರಬೇಕು ಎಂಬ ಲೆಕ್ಕವೆಲ್ಲ ಸಹನಾಳದು. ಅದರಂತೆ ಚಿಪ್ ಮಾಡಿಕೊಡುವವನು ಹೈದರಾಬಾದಿನ ಪ್ರಯೋಗಾಲಯದಲ್ಲಿರುವ ಗಂಗಾವತಿಯ ಗೋವಿಂದರಾಜ.

ಚಿಪ್ ಬಂತು, ಜೋಡಿ ಕಣಗಳು ಹುಟ್ಟಲಿಲ್ಲ. "ನನ್ನ ಲೆಕ್ಕ ಸರಿ ಐತಿ, ಮಾಡೋರು ಕೆಡಿಸ್ಯಾರ" ಎಂದು ಸಹನಾ ಕಾಲೇಜಿನಲ್ಲೂ ಹೇಳಿದಳು, ತವರಿನಲ್ಲೂ ಹೇಳಿದಳು, ಗೋವಿಂದರಾಜನಿಗೂ ಹೇಳಿದಳು. ಓದಿದವರ ಬಾಯಿಗೆ ಇಂಥ ಮಾತು ಎಷ್ಟು ಬೇಗ ಬರುತ್ತದೆ ನೋಡಿ!

ಯುಗಾದಿಗೆ ತವರಿಗೆ ಬಂದವಳು ಒಂದು ಬೆಳಿಗ್ಗೆ ಹಳೆಯ ಲೆಕ್ಕ ತೆರೆದಳು. ತಪ್ಪು ತನ್ನದೇ ಆಗಿತ್ತು. ಕರೆಂಟ್ ಹೋಗುವುದರೊಳಗೆ ಮುಗಿಯಲಿ ಎಂದು ಅರ್ಧ ಉಂಗುರವನ್ನಷ್ಟೇ ಲೆಕ್ಕ ಹಾಕಿ, ಉಳಿದರ್ಧವೂ ಹೀಗೇ ಎಂದು ಕಂಪ್ಯೂಟರಿಗೆ ಹೇಳಿಬಿಟ್ಟಿದ್ದಳು. ಆದರೆ ಬೆಳಕು ತರುವ ದಾರಿ ಇದ್ದದ್ದು ಒಂದೇ ಬದಿಗೆ. ಕಂಪ್ಯೂಟರ್ ಪಾಪ, ಇಲ್ಲದ ಇನ್ನೊಂದು ದಾರಿಯನ್ನೂ ನಂಬಿ ಲೆಕ್ಕ ಒಪ್ಪಿಸಿತ್ತು. ಗೋವಿಂದರಾಜನಿಗೆ ಹೇಳಬೇಕಿತ್ತು. ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ನಾಳೆ ಹೇಳಿದರಾಯಿತು.

ಅಂದು ಸಂಜೆ ದೊಡ್ಡವ್ವ ಕಳಕಮ್ಮನ ಮನೆಯಲ್ಲಿ ಓಣಿಯ ಹೆಂಗಸರು ಸಹನಾಳಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಬಟ್ಟೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ತವರುಮನೆಯ ದೇವರ ಮುಂದೆ ಬಿಚ್ಚುವವರೆಗೆ ಎಲ್ಲೂ ಇಳಿಸುವಂತಿಲ್ಲ.

"ಯಾವನೋ ಕೆಡಿಸಿದ್ರ ಏನಾತು? ನಮ್ಮ ಹುಡುಗಿ ಲೆಕ್ಕ ತಪ್ಪಂಗಿಲ್ಲ" ಎಂದಳು ಕಳಕಮ್ಮ. ಸಹನಾ ತಲೆ ತಗ್ಗಿಸಿದಳು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಕೈ ಬಿಡುವಿಲ್ಲವೆಂದು ಕಳಕಮ್ಮನೇ ಅದನ್ನು ಒತ್ತಿ, ಎಲ್ಲರಿಗೂ ಕೇಳುವಂತೆ ಹಿಡಿದಳು.

"ನಮಸ್ಕಾರ್ರಿ ಮೇಡಂ, ಗೋವಿಂದರಾಜ ಮಾತಾಡೋದ್ರಿ. ನಮ್ಮ ಕಡಿಂದನ ತಪ್ಪಾಗಿರಬೇಕ್ರಿ. ಹಬ್ಬಕ್ಕ ಊರಿಗೆ ಹೋಗಿಲ್ಲ, ಮತ್ತೊಂದು ಚಿಪ್ ಮಾಡಾಕ ಕುಂತೀನಿ. ಸಿಟ್ಟಾಗಬ್ಯಾಡ್ರಿ."

"ಕೇಳಿದ್ರೇನು? ತಾನ ಒಪ್ಪಿಕೊಂಡ!" ಎಂದಳು ಪಕ್ಕದ ಮನೆಯ ಹುಲಿಗವ್ವ.

ಸಹನಾಳ ಮುಖ ಸುಟ್ಟಂತಾಯಿತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಮಾಡಬ್ಯಾಡ್ರಿ ಗೋವಿಂದರಾಜ. ನೀವು ಮಾಡಿದ್ದು ಸರಿನ ಐತ್ರಿ. ನಾನ ಅರ್ಧ ಉಂಗುರದ ಲೆಕ್ಕ ಹಾಕಿ ಕೈ ತೊಳ್ಕೊಂಡಿದ್ದೆ. ಮುಂಜಾನೆ ಗೊತ್ತಾತ್ರಿ."



"ಮುಂಜಾನಿಂದ ಇಲ್ಲೇ ಕುಂತೀನ್ರಿ ಮೇಡಂ" ಎಂದು ಗೋವಿಂದರಾಜ ಫೋನ್ ಇಟ್ಟ.

ಹೆಂಗಸರು ಮುಖ ಮುಖ ನೋಡಿಕೊಂಡರು. "ದೊಡ್ಡವ್ವ, ಈ ಉಡಿ ತಗೊಂಬಿಡು. ನನಗ ಸಲ್ಲಂಗಿಲ್ಲ" ಎಂದಳು ಸಹನಾ.

"ತುಂಬಿದ ಉಡಿ ತಿರುಗಿ ತಗೊಳ್ಳಂಗಿಲ್ಲವ್ವ. ಹೊತ್ಕೊಂಡು ನಡಿ."

ತವರುಮನೆ ಓಣಿಯ ಆ ತುದಿಗಿತ್ತು. ಕಟ್ಟೆ ಕಟ್ಟೆಗೂ ಜನ ಕೂತಿದ್ದರು. "ಉಡಿ ತುಂಬಿಸ್ಕೊಂಡ್ಯೇನವ್ವ? ಛಲೋ ಆತು" ಎಂದವರಿಗೆಲ್ಲ ಹೂಂ ಎನ್ನುತ್ತ, ಸೆರಗು ಹಿಡಿದ ಕೈಯಿಂದ ಕಣ್ಣು ಒರೆಸಿಕೊಳ್ಳಲೂ ಆಗದೆ ಸಹನಾ ನಡೆದಳು.