ಕಣ್ಣು ತೆರೆಸುತ್ತಿದ್ದ ಮುರ್ತುಜಸಾಬರು

ಇಳಕಲ್ಲಿನ ಮುರ್ತುಜಸಾಬರ ಪರಿಚಯ ನನಗಾದದ್ದು ನನ್ನ ಜಂಬದ ದೆಸೆಯಿಂದ. ನಮ್ಮ ಮನೆತನದ ವಂಶಾವಳಿ ಬರೆಯುತ್ತೇನೆಂದು ಹೊರಟಿದ್ದೆ. ಹುನಗುಂದದ ದವಾಖಾನೆಯಲ್ಲಿ ನರ್ಸ್ ಕೆಲಸ; ರಜೆ ಸಿಕ್ಕಾಗಲೆಲ್ಲ ನೆಂಟರ ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ಮೊಬೈಲಿಗೆ ಇಳಿಸಿಕೊಳ್ಳುವುದು, ಹೊಲದ ಸಮಾಧಿಗಳ ಕಲ್ಲು ತಿಕ್ಕಿ ಹೆಸರು ಓದುವುದು. "ಇದ್ದವರನ್ನ ಮಾತಾಡಸಾಕ ಪುರಸೊತ್ತಿಲ್ಲ, ಸತ್ತವರ ಬೆನ್ನ ಹತ್ತ್ಯಾಳ ನಮ್ಮ ಶೀಲಾ" ಎಂದು ಅಪ್ಪ ಚುಡಾಯಿಸುತ್ತಿದ್ದ.

ಹಾಗೆ ಅನ್ನುವ ಹಕ್ಕು ಅಪ್ಪ ನಾಗಲಿಂಗಪ್ಪನಿಗಂತೂ ಇರಲಿಲ್ಲ. ಕಮತಗಿಯ ನಮ್ಮ ಪಡಸಾಲೆಯಲ್ಲಿ ಅವನ ಅವ್ವ, ಅಂದರೆ ನನ್ನ ಅಜ್ಜಿ ಗುರುಸಿದ್ದವ್ವನ ಫೋಟೋ ಇದೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಜ್ಜಿ ಗೋಡೆಗೆ ಒರಗಿ ಕೂತಿದ್ದಾಳೆ. ತೊಡೆಯ ಮೇಲೆ ಎರಡು ವರ್ಷದ ಅಪ್ಪ. ಅವನ ಪುಟ್ಟ ಕೈ ಅವಳ ಎಡಹುಬ್ಬಿನ ಮೇಲಿದೆ, ಅಜ್ಜಿ ಕಣ್ಣು ತಗ್ಗಿಸಿ ಮಗನನ್ನೇ ನೋಡುತ್ತಿದ್ದಾಳೆ. ಫೋಟೋ ತೆಗೆಸಿದ ಕೆಲವೇ ದಿನಕ್ಕೆ ಜ್ವರ ಬಂದು ತೀರಿಕೊಂಡಳಂತೆ. ಅರವತ್ತಮೂರರ ಮನುಷ್ಯ ಇವತ್ತಿಗೂ ಹೊರಗೆ ಹೋಗುವಾಗ ಅದರ ಮುಂದೆ ನಿಂತು, "ಯವ್ವಾ, ಹೋಗಿ ಬರ್ತೇನಿ" ಅನ್ನುತ್ತಾನೆ. ಯಾರು ಮನೆಗೆ ಬಂದರೂ ಅದೇ ಮಾತು: "ಒಂದ ಸಲಾ ಆದ್ರೂ ನಮ್ಮವ್ವ ನನ್ನ ಕಣ್ತುಂಬ ನೋಡ್ಯಾಳ. ಫೋಟೋನ ಐತಿ, ನೋಡ್ರಿ."

ನನ್ನ ಜೊತೆ ಕೆಲಸ ಮಾಡುವ ಕಸ್ತೂರಿಯ ಮನೆಗೆ ಒಮ್ಮೆ ಊಟಕ್ಕೆ ಹೋದಾಗ ಅವಳ ಅಜ್ಜಿಯ ಫೋಟೋ ನೋಡಿದೆ. ಅದರಲ್ಲಿ ನಮ್ಮಜ್ಜಿಯ ಕಣ್ಣಿತ್ತು. ಅಂಚು ತುಸು ಇಳಿದ, ಗುರುತು ಹಿಡಿದಂತೆ ನೋಡುವ ಕಣ್ಣು. ನೀವು ನಮ್ಮ ಬಳಗದವರೇ ಎಂದು ವಾದಕ್ಕೆ ಕೂತೆ.

"ಏ ಹುಚ್ಚಿ, ನಮ್ಮಜ್ಜಿ ಸೊಲ್ಲಾಪುರದಾಕಿ. ನಿಮ್ಮ ಬಳಗಾ ಎಲ್ಲಿಂದ ಬಂತು?" ಎಂದು ಕಸ್ತೂರಿ ನಕ್ಕಳು.

ಮುಂದಿನ ವಾರ ಬಾದಾಮಿಯ ಒಂದು ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸುತ್ತಿದ್ದಾಗ ತಲೆ ಎತ್ತಿದರೆ, ತಕ್ಕಡಿಯ ಮೇಲುಗಡೆ ಹಾರ ಹಾಕಿದ ಹೆಂಗಸೊಬ್ಬಳು ಅದೇ ಕಣ್ಣಿಂದ ನನ್ನನ್ನು ನೋಡುತ್ತಿದ್ದಳು. ಅವರಿಗೂ ನಮಗೂ ಏನೇನೂ ಸಂಬಂಧವಿಲ್ಲ. ಜಂಬ ಅಲ್ಲಿಗೆ ಇಳಿಯಿತು, ಹೆದರಿಕೆ ಶುರುವಾಯಿತು. ಮನೆಗೆ ಬಂದ ಮೇಲೆ ಅಜ್ಜಿಯ ಫೋಟೋಕ್ಕೆ ಬೆನ್ನು ಮಾಡಿ ಕೂರಲು ಆಗಲಿಲ್ಲ.

ಆ ಭಾನುವಾರ ಹೊಲದಲ್ಲಿ ಅಜ್ಜಿಯ ಸಮಾಧಿಯ ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕಿದೆ. "ಲಿಂ. ಗುರುಸಿದ್ದವ್ವ, ೧೨-೩-೧೯೬೪." ಮನೆಗೆ ಬಂದು ಫೋಟೋದ ಕಟ್ಟು ಬಿಚ್ಚಿ ಹಿಂಬದಿ ನೋಡಿದೆ. ಹಳೆ ಬಾಗಲಕೋಟೆಯ ಸ್ಟುಡಿಯೋ ಒಂದರ ಮೊಹರು, ಅದರ ಕೆಳಗೆ ಫೋಟೋ ಹೊಡೆದ ತಾರೀಖು. ೧೨-೩-೬೪.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡ್ರಿಸಿ, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ದವಾಖಾನೆಯಲ್ಲಿ ಹೆಣಗಳ ನಡುವೆ ಓಡಾಡುವ ನನಗೆ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆದರೆ ಹೆಣ ಕಣ್ಣು ತೆರೆದು ಮಗುವನ್ನು ನೋಡುವುದಾದರೂ ಹೇಗೆ? ಅಪ್ಪನ ಮುಂದೆ ತುಟಿ ಬಿಚ್ಚಲಿಲ್ಲ. ಹೇಳಿದರೆ ಅವನಿಗಿದ್ದ ಅಷ್ಟೇ ಅಷ್ಟು ಅವ್ವನನ್ನೂ ನಾನೇ ಕಸಿದುಕೊಂಡಂತೆ.

ಆ ಸ್ಟುಡಿಯೋ ಇದ್ದ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಬಹಳ ವರ್ಷವಾಯಿತು. ಅಲ್ಲಿ ಫೋಟೋ ತಿದ್ದುವ ಕೆಲಸಕ್ಕಿದ್ದ ಮುರ್ತುಜಸಾಬರು ಈಗ ಇಳಕಲ್ಲಿನಲ್ಲಿ ಮಗಳು ತಬಸುಮಳ ಮನೆಯಲ್ಲಿದ್ದಾರೆಂದು ಕೇಳಿ ತಿಳಿದು ಹೋದೆ. ಎಂಬತ್ತೊಂದು ವರ್ಷ. ಬಿಳಿ ಪೈಜಾಮ, ಸೋಡಾಬುಡ್ಡಿಯಂಥ ಚಾಳೀಸು. ಎದುರಿಗಿದ್ದವರ ಮುಖ ನೋಡದೆ ಕಣ್ಣನ್ನು ಮಾತ್ರ ನೋಡುವ ಅಭ್ಯಾಸ. ನನಗೆ ಮುಜುಗರವಾಯಿತು.

"ಕಣ್ಣ ತೆರಸೋದು ನನ್ನ ಕೆಲಸ ಇತ್ತು, ತಂಗಿ" ಎಂದರು. "ಮಂದಿ ಇದ್ದಾಗ ಫೋಟೋ ತಗಸ್ತಿರಲಿಲ್ಲ, ಸತ್ತ ಮ್ಯಾಲ ನಮ್ಮ ಮಾಲಕರನ್ನ ಕರೀತಿದ್ರು. ಮುಚ್ಚಿದ ಕಣ್ಣಿನ ಫೋಟೋ ಗ್ವಾಡಿಗೆ ಹಾಕಾಕ ಯಾರಿಗೆ ಮನಸ ಬರ್ತೈತಿ? ನಾ ಸಣ್ಣ ಬ್ರಶ್ ತಗೊಂಡು ರೆಪ್ಪಿ ಮ್ಯಾಲ ಕಣ್ಣ ಬರೀತಿದ್ದೆ."

"ಯಾರ ಕಣ್ಣ ನೋಡಿ ಬರೀತಿದ್ರಿ?"

"ಹೆಂಗಸರದ್ದಾದ್ರ ನಮ್ಮವ್ವಂದು. ಗುಲಾಬಬಿ ಅಂತ. ನನ್ನ ಮುಂದ ಬಳ್ಳೊಳ್ಳಿ ಸುಲಕೋತ ಕುಂಡ್ರತಿದ್ಲು. ಆಕಿನ್ನ ನೋಡೋದು, ಬರಿಯೋದು."

ಗುಲಾಬಬಿಗೆ ಇದು ಗೊತ್ತಿರಲಿಲ್ಲ. ಒಮ್ಮೆ ಮಗನ ಜೊತೆ ಫೋಟೋ ಕೊಡಲು ಹೋದವಳು, ಆ ಮನೆಯವರು ಗೋಡೆಗೆ ಹಾಕಿ ಊದಿನಕಡ್ಡಿ ಹಚ್ಚಿದಾಗ, ತನ್ನ ಕಣ್ಣೇ ತನ್ನನ್ನು ನೋಡಿದ್ದನ್ನು ಕಂಡಳಂತೆ. ಮನೆಗೆ ಬಂದ ಮೇಲೆ ಕೇಳಿದಳು: "ಮುರ್ತುಜಾ, ಅಷ್ಟೊಂದ ಮನ್ಯಾಗ ನಾ ಕಣ್ಣ ತೆರಕೊಂಡು ಕುಂತೇನಿ. ನಾ ಸತ್ತ ದಿನಾ ಇವು ಮುಚ್ಚತಾವೋ ಇಲ್ಲೋ?"

"ಮುಚ್ಚಿದವೇನ್ರಿ?" ಎಂದು ಕೇಳಿಬಿಟ್ಟೆ.

"ರೆಪ್ಪಿ ಮೂರ ಸಲ ಸವರಿದೆ" ಎಂದರು.

ಗುಲಾಬಬಿ ತನ್ನ ಫೋಟೋ ಒಂದನ್ನೂ ತೆಗೆಯಗೊಡಲಿಲ್ಲ. ಅವಳ ಗೋರಿಯ ಮೇಲೆ ಕಲ್ಲು ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಖಬರಸ್ತಾನಕ್ಕೇ ನೀರು ಬಂತು. ಅವ್ವನನ್ನು ನೋಡಬೇಕು ಅನಿಸಿದಾಗ ಮುರ್ತುಜಸಾಬರು ಬಸ್ಸು ಹತ್ತಿ ಪರರ ಮನೆಗಳಿಗೆ ಹೋಗುತ್ತಿದ್ದರು. ಫೋಟೋದ ಗಾಜು ಒರೆಸಿಕೊಡುತ್ತೇನೆ ಎಂದು ಹೇಳಿ, ಒರೆಸಿ, ಕಣ್ತುಂಬ ನೋಡಿ ಬರುವುದು. ಈಗೀಗ ಜನ ಹಳೆಯದನ್ನು ಕಂಪ್ಯೂಟರಿಗೆ ಕೊಟ್ಟು ಹೊಸ ಬಣ್ಣ, ಹೊಸ ಕಣ್ಣು ಹಾಕಿಸುತ್ತಾರೆ. ಅವರ ಅವ್ವ ಒಂದೊಂದೇ ಮನೆಯಿಂದ ಇಲ್ಲವಾಗುತ್ತಿದ್ದಳು.

ಮೊಬೈಲಿನಲ್ಲಿ ನಮ್ಮಜ್ಜಿಯನ್ನು ತೋರಿಸಿದೆ. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದರಾಗ ಬಲಗಣ್ಣ ಅಷ್ಟ ನಮ್ಮವ್ವಂದು" ಎಂದರು. "ಎಡಗಣ್ಣ ನಾ ಬರದಿಲ್ಲ. ಆವತ್ತ ಮಾಲಕರ ಜೋಡಿ ನಾನೂ ಹೋಗಿದ್ದೆ. ಆ ಕೂಸು ಅವ್ವನ್ನ ಎಬ್ಬಸಾಕಂತ ರೆಪ್ಪಿ ಮ್ಯಾಕ ಎತ್ತಾಕ ಹತ್ತಿತ್ತು. ಯಾರೋ ಕೈ ಸರಸಾಕ ಹೋಗೋದ್ರಾಗ ಮಾಲಕರು ಫೋಟೋ ಹೊಡದಬಿಟ್ರು. ಕಣ್ಣ ಖರೇನ ತೆರದಿತ್ತು ತಂಗಿ. ಅದು ಎತ್ತಾಗ ನೋಡತಿತ್ತೋ, ನಾ ಬಲಗಣ್ಣ ಅತ್ತಾಗ ತಿರುಗಿಸಿದೆ, ಅಷ್ಟ."

ಮುಖದ ಅರ್ಧಕ್ಕೆ ಹೆಬ್ಬೆರಳು ಅಡ್ಡ ಹಿಡಿದು ನೋಡಿದೆ. ಒಂದು ಕಡೆ ಕಸ್ತೂರಿಯ ಅಜ್ಜಿ, ಬಾದಾಮಿಯ ಹೆಂಗಸು. ಇನ್ನೊಂದು ಕಡೆ ಹುಟ್ಟಿದಾಗಿನಿಂದ ದಿನಾ ನೋಡಿದರೂ ನಾನು ಒಮ್ಮೆಯೂ ಕಾಣದಿದ್ದ ಯಾರೋ ಒಬ್ಬಳು.

"ಒಂದ ಸಲಾ ಅಸಲ ಫೋಟೋ ನೋಡ್ತೇನಿ. ಈ ವರ್ಷ ಕಳದ್ರ ನನಗ ಕಣ್ಣ ಕಾಣಂಗಿಲ್ಲಂತ, ಡಾಕ್ಟರ್ ಹೇಳ್ಯಾರ" ಎಂದರು. ಅಪ್ಪನಿಗೆ ಏನೂ ಹೇಳಬಾರದೆಂದು ಮಾತು ತೆಗೆದುಕೊಂಡು ಒಪ್ಪಿದೆ.

ಅವರು ಬಂದದ್ದು ಶುಕ್ರವಾರ ನಮಾಜು ಮುಗಿಸಿಕೊಂಡು. ಅಪ್ಪ ಚಹಾ ಕೊಟ್ಟು, ಎಂದಿನ ಹೆಮ್ಮೆಯಿಂದ, "ನಮ್ಮವ್ವರಿ. ನನ್ನ ನೋಡಾಕ ಹತ್ಯಾಳ, ನೋಡ್ರಿ" ಎಂದ.

"ಹೌದ್ರಿ, ನಿಮ್ಮನ್ನ ನೋಡಾಕ ಹತ್ಯಾರ" ಎಂದರು ಮುರ್ತುಜಸಾಬರು. ಗಾಜಿಗೆ ಹಣೆ ಹಚ್ಚುವಷ್ಟು ಹತ್ತಿರ ನಿಂತಿದ್ದರು. ಭುಜ ಅಲುಗುತ್ತಿತ್ತು.

"ಯಾಕ್ರಿ ಸಾಬರ, ಅಳ್ತೀರಿ?"

ಅವರು ನನ್ನ ಕಡೆ ತಿರುಗಿದರು. ಬೇಡ ಎಂದು ನಾನು ತಲೆ ಆಡಿಸಿದೆ. ಆದರೆ ಆ ಜೀವಕ್ಕೆ ಸುಳ್ಳು ಬರಲಿಲ್ಲ. "ಬಲಗಣ್ಣ ನಮ್ಮವ್ವಂದು ರಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು. ನನಗೆ ಆ ಮುದುಕನ ಬಾಯಿ ಮುಚ್ಚಬೇಕು ಅನಿಸಿತು. ಅಪ್ಪನ ಮುಖ ನೋಡಲು ಧೈರ್ಯ ಸಾಲಲಿಲ್ಲ.

ಅಪ್ಪ ಕೇಳಿದ, "ಎಡಗಣ್ಣ?"

"ಅದು ನಿಮ್ಮವ್ವಾರದ. ನೀವ ತೆರದದ್ದು."

ಅಪ್ಪ ತನ್ನ ತೋರುಬೆರಳನ್ನು ಮುಖದ ಮುಂದೆ ಹಿಡಿದುಕೊಂಡು ನೋಡಿದ.

"ಅವ್ವನ ಮಾರಿ ನೆನಪಿಲ್ಲ, ದನಿ ನೆನಪಿಲ್ಲ" ಎಂದ. "ಈ ತೋರಬಟ್ಟ ಒಂದ ತಣ್ಣಗ ಆಗಿದ್ದ ನೆನಪೈತಿ. ಕನಸ ಅಂತ ತಿಳದಿದ್ದೆ. ಹಂಗಾರ ಖರೇನ ನಾ ಆಕಿನ್ನ ಮುಟ್ಟೇನಿ."

ನಾನು ಅಡುಗೆಮನೆಗೆ ಓಡಿದೆ. ಸಣ್ಣವಳಿದ್ದಾಗ ನನಗೆ ಜ್ವರ ಬಂದು ಮಲಗಿದರೆ, ಅಪ್ಪ ಮಂಚದ ಬಳಿ ಕೂತು ನನ್ನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತುತ್ತಿದ್ದ. ಆಟವೆಂದುಕೊಂಡು ನಾನು ನಗುತ್ತಿದ್ದೆ. ನಾನು ನಗುವವರೆಗೆ ಅವನು ಆ ಬೆರಳು ತೆಗೆಯುತ್ತಿರಲಿಲ್ಲ.