ಕರೆದರೆ ಬೇಡವೆನ್ನದ ಜೋವಿ

ಅರಬ್ ನಾಡಿನ ದೇರಾ ಪೇಟೆಯ ಹಳೇ ಬಿಲ್ಡಿಂಗಿನ ಫ್ಲ್ಯಾಟೊಂದರಲ್ಲಿ ಐವರು ಫಿಲಿಪಿನೊ ಹೆಂಗಸರಿದ್ದರು. ಅವರಲ್ಲಿ ಹಿರಿಯಳು ಬ್ಯೂಟಿ ಪಾರ್ಲರಿನ ಜೋವೆಲಿನ್, ಎಲ್ಲರ ಬಾಯಲ್ಲಿ ಜೋವಿ. ತೂಕ ಇಳಿಸದಿದ್ದರೆ ಸಕ್ಕರೆ ಕಾಯಿಲೆ ಬಂದೀತು ಎಂದು ಡಾಕ್ಟರು ಹೇಳಿದಾಗಿನಿಂದ ಅವಳಿಗೆ ದಿಗಿಲು. ಅವಳಮ್ಮನ ಕಣ್ಣು ಹೋದದ್ದು ಅದೇ ಕಾಯಿಲೆಯಿಂದ.

ಜೋವಿ ರಾತ್ರಿ ಅನ್ನ ಬೇಯಿಸುವುದನ್ನೇ ಬಿಟ್ಟಳು. ಆದರೂ ತೂಕ ಇಳಿಯಲಿಲ್ಲ.

"ಅಕ್ಕು ಆಂಟೀ, ನಾನು ಗಾಳಿ ಕುಡಿದರೂ ದಪ್ಪವಾಗುತ್ತೇನೆ," ಎಂದು ಎದುರು ಮನೆಯ ಉಡುಪಿ ಹೆಂಗಸಿನ ಹತ್ತಿರ ಗೋಳಾಡಿದಳು.

"ಗಾಳಿಯಾ ಮಾರಾಯ್ತಿ? ನಿನ್ನೆ ನನ್ನ ಕಣ್ಣೆದುರೇ ನಾಲ್ಕು ಬಟ್ಟಲಿಗೆ ಕೈ ಹಾಕಿದೆಯಲ್ಲ!"

ಜೋವಿ ನಾಲಿಗೆ ಕಚ್ಚಿಕೊಂಡಳು. ಉಣ್ಣುವವರು ಎದುರಿಗಿದ್ದವರನ್ನು ಕರೆಯದೆ ತುತ್ತೆತ್ತುವುದು ಫಿಲಿಪಿನೊ ಜನರಲ್ಲಿಲ್ಲ. ಡ್ಯೂಟಿ ಮುಗಿಸಿ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಬಂದು ಅನ್ನ, ಕರಿದ ಮೀನಿನ ಡಬ್ಬಿ ಬಿಚ್ಚಿ ಜೋವಿಯನ್ನು ಕರೆಯುತ್ತಿದ್ದರು.

"ಬೇಡ ಅಂದರೆ ಚಿಕ್ಕವರ ಮುಖ ಬಾಡುತ್ತದೆ, ಆಂಟಿ."

"ನೀನು ಕರೆದರೆ ಅವರೂ ಬೇಡ ಅನ್ನಲಿಕ್ಕಿಲ್ಲ ಅಲ್ಲವಾ? ಹಾಗಾದರೆ ನೀನೂ ಕರಿ. ಊಟಕ್ಕಲ್ಲ, ನಡೆಯಲಿಕ್ಕೆ."

ಮರುದಿನ ಮೊದಲು ಬಂದವಳು ಡಬ್ಬಿ ಬಿಚ್ಚುವಷ್ಟರಲ್ಲಿ ಜೋವಿ ಶೂ ಹಾಕಿ ನಿಂತಿದ್ದಳು. "ಮೊದಲು ನನ್ನ ಜೊತೆ ಕ್ರೀಕಿನ ದಂಡೆಗೆ ಬಾ." ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಐವರೂ ಒಬ್ಬರಿಗೊಬ್ಬರು ಕಾದು ಒಟ್ಟಿಗೆ ನಡೆದರು, ಒಟ್ಟಿಗೇ ಉಂಡರು. ಜೋವಿಗೂ ಒಂದೇ ಊಟವಾಯಿತು.

ಚಳಿಗಾಲ ಮುಗಿಯುವಾಗ ಡಾಕ್ಟರು ತೂಕ ಇಳಿದ ರಿಪೋರ್ಟು ನೋಡಿ ನಕ್ಕರು. ಅದೇ ಸಂಜೆ ಜೋವಿ ಅಕ್ಕುವಿನ ಬೆಲ್ಲು ಒತ್ತಿದಳು.

"ಯಲ್ಲಾ, ಹೊರಡಿ ಆಂಟಿ, ನಡೆಯುವ!"

"ನನಗೆ ಮೊಣಕಾಲು ನೋವು ಮಾರಾಯ್ತಿ."

ಜೋವಿ ಮುಖ ಬಾಡಿಸಿ ನಿಂತಳು. ಅಕ್ಕು ಗೊಣಗುತ್ತಾ ಚಪ್ಪಲಿ ಹುಡುಕಿದಳು.