ಹೊಳೆ ಬಲಕ್ಕಿರುವ ಊರು

ನವರಾತ್ರಿಯಲ್ಲಿ ಅಮೆರಿಕದ ಬ್ರಿಡ್ಜ್‌ವಾಟರಿನ ಯಾವ ಮೈಸೂರಿನವರ ಮನೆಗೆ ಹೋದರೂ ಗೊಂಬೆ ಮೆಟ್ಟಿಲಿನ ಕೆಳಗೆ ಅರಮನೆಯೋ ಮದುವೆ ದಿಬ್ಬಣವೋ ಇರುತ್ತದೆ. ಕೌಸಲ್ಯಾ ಅವರ ಮನೆಯಲ್ಲಿ ಮಾತ್ರ ಕಾರ್ಡಿಫ್ ಇರುತ್ತದೆ. ವೇಲ್ಸ್ ದೇಶದ ಕಾರ್ಡಿಫ್. ಆಕೆ ಆ ಊರನ್ನು ಕಣ್ಣಿಂದ ಕಂಡವರಲ್ಲ. ಅದೇನು ಮಹಾ? ಕೈಲಾಸದ ಗೊಂಬೆ ಇಡುವವರೆಲ್ಲ ಕೈಲಾಸ ನೋಡಿ ಬಂದಿರುತ್ತಾರೆಯೇ?

ನೋಡಿದ್ದವರು ಗಂಡ ಕೃಷ್ಣಸ್ವಾಮಿ. ಮದುವೆಗೆ ಮುಂಚೆ ಎಂಜಿನಿಯರ್ ಕೆಲಸದ ಮೇಲೆ ಅಲ್ಲಿ ಒಂದೆರಡು ವರ್ಷ ಇದ್ದರು. ಆಮೇಲೆ ನ್ಯೂಜೆರ್ಸಿಯಲ್ಲಿ ಮನೆ ಮಾಡಿ ತಲೆ ನರೆತರೂ ಬಾಯಿ ಬಿಟ್ಟರೆ ಕಾರ್ಡಿಫ್. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಸ್ನೇಹಿತರು ಬೆನ್ನ ಹಿಂದೆ ನಗುತ್ತಿದ್ದರು. ಕೌಸಲ್ಯಾಗೆ ಮಾತ್ರ ಆ ಹಾಡು ಎಂದೂ ಬೇಸರ ತರಲಿಲ್ಲ. ಹೊರಗೆ ಸ್ನೋ ಬೀಳುವಾಗ ಅರೆಗಣ್ಣು ಮುಚ್ಚಿ ಕೂತು ಕೇಳುತ್ತಿದ್ದರು, ಕೇಳುತ್ತ ಕೇಳುತ್ತ ಅಲ್ಲಿಗೇ ಹೋಗಿಬಿಡುತ್ತಿದ್ದರು. ಊರ ನಡುವೆ ಕೋಟೆ. ಅದರ ಪಕ್ಕದ ಗೋಡೆಯ ಮೇಲೆ ಕಲ್ಲಿನ ಸಿಂಹ, ಕರಡಿಗಳು ಬಸ್ಸಿಗೆ ಕಾಯುವವರ ಹಾಗೆ ಬೀದಿ ನೋಡುತ್ತ ಕೂತಿವೆ. ಗಾಜಿನ ಸೂರಿನ ಕೆಳಗೆ ಉದ್ದುದ್ದ ಅಂಗಡಿಸಾಲು. ಮೇಲೆ ಮಳೆ ಹುಯ್ಯುತ್ತಿದ್ದರೂ ಕೆಳಗೆ ನಡೆಯುವವರ ಮೈಮೇಲೆ ಒಂದು ಹನಿ ಇಲ್ಲ. ಇನ್ನೂ ಆಚೆ ಕೆರೆ, ಕೆರೆಯೊಳಗೆ ಬಿಳಿಯ ಲೈಟ್‌ಹೌಸ್, ಅದರ ಮೈಮೇಲೆ ಗಡಿಯಾರ, ಸುತ್ತ ಹಂಸಗಳು.

"ಹಡಗೇ ಬರದ ಕೆರೆಗೆ ಲೈಟ್‌ಹೌಸ್ ಯಾಕ್ರೀ?" ಎಂದು ಆಕೆ ಪ್ರತಿಸಲವೂ ಕೇಳುವರು. ದಕ್ಷಿಣ ಧ್ರುವಕ್ಕೆಂದು ಆ ಊರಿನಿಂದ ಹೊರಟು ಹಿಂದಿರುಗದ ಕ್ಯಾಪ್ಟನ್ನಿನ ನೆನಪಿಗೆ ಎಂದು ಅವರು ಪ್ರತಿಸಲವೂ ಹೇಳುವರು. ಮುಂದಿನ ವರ್ಷ ಹೋಗೋಣ ಎನ್ನುವರು. ಆ ಮುಂದಿನ ವರ್ಷ ಬರಲೇ ಇಲ್ಲ.

ಅದಕ್ಕೇ ಊರೇ ಮನೆಗೆ ಬಂತು. ಹಬ್ಬಕ್ಕೆ ಮುಂಚೆ ಕೌಸಲ್ಯಾ ಮೆಟ್ಟಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರುವರು, ಕೃಷ್ಣಸ್ವಾಮಿ ಎದುರಿನ ಸೋಫಾದಿಂದ ಅಪ್ಪಣೆ ಕೊಡುವರು. "ಕೋಟೆಗೆ ಎಡಗಡೆ ಹೊಳೆ ಕಣೇ." ಆಕೆ ತಮ್ಮ ಎಡಗೈ ಕಡೆ ನೀಲಿ ಸೀರೆ ತುಂಡು ಹಾಸುವರು. ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರು ಪಾರ್ಕಾಯಿತು, ಸ್ಟ್ರಾಬೆರಿಯ ಪ್ಲಾಸ್ಟಿಕ್ ಡಬ್ಬಿ ಅಂಗಡಿಸಾಲಿನ ಗಾಜಿನ ಸೂರಾಯಿತು, ಹಳೆಯ ಕನ್ನಡಿ ಕೆರೆಯಾಯಿತು. ಗೋಡೆಯ ಮೇಲೆ ಇರುವೆ ತಿನ್ನುವ ಪ್ರಾಣಿಯೂ ಒಂದಿತ್ತಂತೆ; ಅಂಥ ಗೊಂಬೆ ಎಲ್ಲಿ ಸಿಗಬೇಕು, ಅದರ ಜಾಗದಲ್ಲಿ ಮುಂಗುಸಿ ಕೂತಿತು. ಎಲ್ಲ ಮುಗಿದ ಮೇಲೆ ಕೃಷ್ಣಸ್ವಾಮಿ ಎದ್ದು ಬಂದು, ಕೆರೆಯ ದಂಡೆಯ ಬೆಂಚಿನ ಮೇಲೆ ಚನ್ನಪಟ್ಟಣದ ಎರಡು ಪುಟ್ಟ ಗೊಂಬೆ ಕೂರಿಸುವರು. ಆಮೇಲೆ ಸೋಫಾಕ್ಕೆ ಹಿಂದಿರುಗಿ ಕಣ್ತುಂಬ ನೋಡಿ, "ಸರಿಯಾಗಿದೆ. ಹೀಗೇ ಇತ್ತು" ಎನ್ನುವರು.

ಹೋದ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಆ ನವರಾತ್ರಿ ಗೊಂಬೆಗಳು ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಈ ಸಲ ಮಗ ಗೌರವ್ ಮನ್ರೋದಿಂದ ಡ್ರೈವ್ ಮಾಡಿಕೊಂಡು ಬಂದು ಪೆಟ್ಟಿಗೆ ಇಳಿಸಿದ. ಪಟ್ಟದ ಗೊಂಬೆಗಳನ್ನು ಸೊಸೆ ಹಂಸಿನಿ ಕೂರಿಸಿದಳು. ಕಾರ್ಡಿಫನ್ನು ಮಾತ್ರ ಕೌಸಲ್ಯಾ ತಾವೇ ಕಟ್ಟಿದರು, ಖಾಲಿ ಸೋಫಾದ ಎದುರು ಕೂತು, ಬಾಯಿಪಾಠವಾಗಿದ್ದ ಆ ಅಪ್ಪಣೆಗಳನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತ. ಬೆಂಚು ಖಾಲಿ ಉಳಿಯಿತು. ಅದು ಅವರ ಕೆಲಸ, ಅದಕ್ಕೆ ಆಕೆಯ ಕೈ ಹೋಗಲಿಲ್ಲ. ಮನೆ, ಕಾರು ಎಲ್ಲರಿಗೂ ಸೇರಿದ್ದು, ಈ ಊರೊಂದನ್ನು ಅವರು ನನಗೇ ಎಂದು ಕೊಟ್ಟುಹೋಗಿದ್ದಾರೆ ಎಂದು ಆಕೆಗೆ ಗಟ್ಟಿಯಾಗಿ ಅನ್ನಿಸಿತ್ತು.

ಸಂಜೆ ಕುಂಕುಮಕ್ಕೆ ಬಂದವರಲ್ಲಿ ಮಾಳವಿಕಾ ಎಂಬ ಹೊಸಬಳಿದ್ದಳು. ಕಾರ್ಡಿಫಿನಲ್ಲೇ ಮಾಸ್ಟರ್ಸ್ ಓದಿದವಳು. ನೋಡಿದವಳೇ ಕೂಗಿದಳು. "ಓ ಮೈ ಗಾಡ್, ಆಂಟಿ! ರೋತ್ ಪಾರ್ಕ್ ಕೆರೆ! ನಾನು ದಿನಾ ಇದರ ಸುತ್ತ ಜಾಗಿಂಗ್ ಮಾಡ್ತಿದ್ದೆ."

ಕೌಸಲ್ಯಾ ಅರಳಿ ಹೂವಾದರು.

"ಆದ್ರೆ ಆಂಟಿ, ಎಲ್ಲಾ ಉಲ್ಟಾ ಆಗ್ಬಿಟ್ಟಿದೆ," ಎಂದಳು ಅವಳು. "ಇಲ್ಲಿ ನಿಂತು ನೋಡೋರಿಗೆ ನದಿ ಕೋಟೆಯ ಎಡಕ್ಕೆ ಕಾಣ್ಬೇಕು, ಕೆರೆ ಬಲಕ್ಕೆ. ನೀವು ಆ ಕಡೆಯಿಂದ ಕೂತು ಇಟ್ಟಿರ್ಬೇಕು, ಅದಕ್ಕೇ ಎಡ ಬಲ ಅದಲು ಬದಲಾಗಿದೆ." ಫೋನಿನಲ್ಲಿ ಮ್ಯಾಪ್ ತೋರಿಸಿದಳು. ಕೆಟ್ಟವಳಲ್ಲ, ಒಳ್ಳೆಯ ಹುಡುಗಿಯೇ. "ನಾನೇ ಸರಿ ಮಾಡ್ತೀನಿ ಬಿಡಿ" ಎಂದು ಕೂತು ಹೊಳೆ, ಕೆರೆ ಎಲ್ಲ ಅದಲು ಬದಲು ಮಾಡಿಟ್ಟು, ಉಸುಲಿ ತಿಂದು, ತಾಂಬೂಲ ತಗೊಂಡು ಹೋದಳು.

ಕೌಸಲ್ಯಾ ಜಾಗ ಬದಲಿಸಿದ ಹೊಳೆಯನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಅವರ ಜೊತೆಯಲ್ಲೇ ನಡೆದೆ ಎಂದುಕೊಂಡಿದ್ದೆನಲ್ಲ, ಅವರು ಹೊಳೆಯ ಕಡೆಗೆ ಹೋದಾಗಲೆಲ್ಲ ನಾನು ಬೇರೆ ಕಡೆಗೇ ಹೋಗುತ್ತಿದ್ದೆನೇ? ಎದುರಿಗೇ ಕೂತಿದ್ದವರಿಗೆ ಕಾಣಲಿಲ್ಲವೇ? ಕಂಡೂ, ಇವಳಿಗೆ ಹೇಳಿದರೆ ಏನು ತಿಳಿದೀತು ಎಂದು ಬಿಟ್ಟುಬಿಟ್ಟರೇ? ಈ ಕೊನೆಯ ಪ್ರಶ್ನೆ ಆಕೆಯನ್ನು ಬಿಡಲಿಲ್ಲ.

ಬಂದವರೆಲ್ಲ ಹೋದ ಮೇಲೆ ಗೌರವ್ ಉಳಿದ ಉಸುಲಿ ತಿನ್ನುತ್ತಿದ್ದ.

"ನಿಮ್ಮಪ್ಪಂಗೆ ಇದು ಗೊತ್ತಿತ್ತೇನೋ?"

"ಗೊತ್ತಿತ್ತಮ್ಮ. ಮಿಡ್ಲ್ ಸ್ಕೂಲಲ್ಲಿದ್ದಾಗ ನಾನೇ ಮ್ಯಾಪ್ ನೋಡಿ ಹೇಳಿದ್ದೆ, ಡ್ಯಾಡ್, ಇಟ್ಸ್ ಬ್ಯಾಕ್‌ವರ್ಡ್ಸ್ ಅಂತ."

"ಏನಂದ್ರು?"

ಗೌರವ್ ಚಮಚ ಕೆಳಗಿಟ್ಟ. ಅಪ್ಪನ ಮಾತು ಹೇಳುವಾಗ ಅವನ ಕನ್ನಡವೂ ಅಪ್ಪನದೇ ಆಯಿತು. "'ಸುಮ್ನಿರೋ. ಹೊಳೆ ಎಡಕ್ಕಿದ್ದ ಊರಲ್ಲಿ ಆ ಬೆಂಚಿನ ಮೇಲೆ ನಾನೊಬ್ಬನೇ ಕೂತ್ಕೋತಿದ್ದೆ. ಮಾತಾಡ್ಸೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ಹೊಳೆ ಬಲಕ್ಕಿರೋ ಊರಲ್ಲಿ ನಿಮ್ಮಮ್ಮ ಪಕ್ಕದಲ್ಲಿದಾಳೆ. ನಂಗೆ ಈ ಊರೇ ಇರ್ಲಿ,' ಅಂದ್ರು. ನಿಂಗೆ ಹೇಳ್ಬಾರ್ದು ಅಂತ ಪ್ರಾಮಿಸ್ ಮಾಡಿಸ್ಕೊಂಡ್ರು."

ಕೌಸಲ್ಯಾ ಅತ್ತರು. ಅಳುತ್ತಲೇ, "ಎಂಥ ಕಳ್ಳ!" ಎಂದು ನಕ್ಕರು. ಆ ಊರಿನ ಬಗ್ಗೆ ಅಷ್ಟೆಲ್ಲ ಹೇಳಿದ ಮನುಷ್ಯ ಅಲ್ಲಿ ತನಗೆ ಬೇಸರವಾಗಿತ್ತು ಎಂದು ಒಂದು ದಿನವೂ ಹೇಳಿರಲಿಲ್ಲ.

ಮೆಟ್ಟಿಲಿಗೆ ಬೆನ್ನು ಹಾಕಿ ತಮ್ಮ ಮಾಮೂಲು ಜಾಗದಲ್ಲಿ ಕೂತರು. ನೀಲಿ ಸೀರೆ ತುಂಡನ್ನು ಎಳೆದು ಎಡಗೈ ಕಡೆ ಹಾಸಿದರು, ಕೆರೆಯನ್ನು ಅದರ ಹಳೆಯ ಜಾಗಕ್ಕೆ ತಂದರು. ಪೆಟ್ಟಿಗೆಯ ತಳದಿಂದ ಆ ಎರಡು ಗೊಂಬೆಗಳನ್ನು ತೆಗೆದು, ಸೆರಗಿನಿಂದ ಒರೆಸಿ, ಬೆಂಚಿನ ಮೇಲೆ ಒತ್ತಾಗಿ ಕೂರಿಸಿದರು.

ಆಮೇಲೆ ಎದ್ದು ಹೋಗಿ, ಇದುವರೆಗೆ ಯಾವ ಹಬ್ಬದಲ್ಲೂ ಕೂರದಿದ್ದ ಆ ಸೋಫಾದಲ್ಲಿ ಕೂತರು. ಅಲ್ಲಿಂದ ನೋಡಿದರೆ ಹೊಳೆ ಬಲಕ್ಕಿತ್ತು.

"ಸರಿಯಾಗಿದೆ ರೀ," ಎಂದರು. "ಹೀಗೇ ಇತ್ತು."